ಮೊದಲಿಗರನ್ನು ಹೊಗಳುವ ಚಟ

ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿಯುವವರಿಗೆ ಆಗೊಮ್ಮೆ ಈಗೊಮ್ಮೆ ಪ್ರೇರಣಾ ಉಪನ್ಯಾಸ ಕೇಳುವ ಯೋಗ ತಪ್ಪಿದ್ದಲ್ಲ. ಊಟಕ್ಕೆ ಮುಂಚಿನ ಆ ಒಂದೂವರೆ ತಾಸಿನಲ್ಲಿ ಪರದೆಯ ಮೇಲೆ ಸಾಧಕರು ಸಾಲುಗಟ್ಟಿ ಬರುತ್ತಾರೆ. ಬಡತನ, ಅವಮಾನ, ಛಲ, ಜಯ ಎಂಬ ನಾಲ್ಕು ಮೆಟ್ಟಿಲು ಹತ್ತಿ ಮರೆಯಾಗುತ್ತಾರೆ. ಅಮೆರಿಕದ ಫುಟ್‌ಬಾಲ್ ಆಟಗಾರ ಡಗ್ ವಿಲಿಯಮ್ಸ್ ಈ ಸಾಲಿಗೆ ಹೇಳಿ ಮಾಡಿಸಿದಂಥ ಮನುಷ್ಯ. 1988ರ ಜನವರಿ 31ರಂದು ಸ್ಯಾನ್ ಡಿಯಾಗೋದಲ್ಲಿ ಅವರು ಸೂಪರ್ ಬೌಲ್ ಗೆದ್ದರು. ಆ ಪಂದ್ಯವನ್ನು ಗೆದ್ದ ಮೊದಲ ಕಪ್ಪುವರ್ಣೀಯ ಕ್ವಾರ್ಟರ್‌ಬ್ಯಾಕ್ ಎನಿಸಿಕೊಂಡರು. ಕಥೆ ಅಲ್ಲಿಗೆ ಮುಗಿಯುತ್ತದೆ, ಸಭಾಂಗಣದ ದೀಪ ಹತ್ತುತ್ತದೆ, ಪ್ರತಿಭೆಯನ್ನು ಯಾರೂ ತಡೆಯಲಾರರು ಎಂಬ ಮಾತು ಬರುತ್ತದೆ, ನಾವೆಲ್ಲ ಊಟಕ್ಕೆ ಏಳುತ್ತೇವೆ.

ಈ ಕಥೆಯಲ್ಲಿ ಸುಳ್ಳೇನೂ ಇಲ್ಲ. ನಮ್ಮ ತಕರಾರು ಅದನ್ನು ನಿಲ್ಲಿಸುವ ಜಾಗದ ಬಗೆಗೆ. ವಿಲಿಯಮ್ಸ್ ಆ ಪಂದ್ಯದ ನಂತರವೂ ಬದುಕಿದ್ದಾರೆ, ದುಡಿದಿದ್ದಾರೆ, ಕಾಲೇಜೊಂದರ ತರಬೇತುದಾರರಾಗಿ ಎರಡು ಬಾರಿ ನೇಮಕಗೊಂಡು ಒಮ್ಮೆ ವಜಾ ಆಗಿದ್ದಾರೆ. ಆ ಕಾಲೇಜು ಇಲ್ಲದಿದ್ದರೆ 1988ರ ಜನವರಿ 31 ಇರುತ್ತಿರಲಿಲ್ಲ. ಮೊದಲಿಗನಿಗೆ ಹಾರ ಹಾಕಿದ ಸಮಾಜ ಅವರನ್ನು ಹೆತ್ತ ಸಂಸ್ಥೆಯನ್ನು ಹೇಗೆ ನಡೆಸಿಕೊಂಡಿತು ಎಂದು ಕೇಳದೆ ಹೇಳುವ ವಿಲಿಯಮ್ಸ್ ಕಥೆ ಬರಿಯ ಜೋಗುಳ ಎಂಬುದು ನಮ್ಮ ವಾದ.

ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು ಕಾಲಿನಿಂದ ಚೆಂಡೊದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಹನ್ನೊಂದು ಜನರ ತಂಡ ಚೆಂಡನ್ನು ಹೊತ್ತೋ ಎಸೆದೋ ಎದುರಾಳಿಯ ನೆಲದೊಳಗೆ ಗಜಗಜವಾಗಿ ಮುನ್ನುಗ್ಗುವ ಆಟ. ಇದರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಸ್ಥಾನ ಯಕ್ಷಗಾನದ ಭಾಗವತರದಕ್ಕೆ ಹತ್ತಿರ. ಯಾರು ಎಲ್ಲಿ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಅವನ ಬಾಯಿಂದ ಹೊರಡಬೇಕು. ಭಾಗವತರಿಗಿಲ್ಲದ ಒಂದು ಕಷ್ಟ ಇವನಿಗಿದೆ: ಪದ್ಯ ಹೇಳುತ್ತಿರುವಾಗಲೇ ನೂರಿಪ್ಪತ್ತು ಕಿಲೋ ತೂಕದ ನಾಲ್ವರು ಇವನನ್ನು ಕೆಡವಲು ಧಾವಿಸಿ ಬರುತ್ತಿರುತ್ತಾರೆ. ಒಟ್ಟಿನಲ್ಲಿ ಅದು ಯೋಚಿಸುವವನ ಜಾಗ. ಆದ್ದರಿಂದಲೇ ಅಮೆರಿಕದ ವೃತ್ತಿಪರ ತಂಡಗಳು ಆ ಜಾಗವನ್ನು ದೀರ್ಘಕಾಲ ಬಿಳಿಯರಿಗೆ ಮೀಸಲಿಟ್ಟವು. ಕಪ್ಪು ಹುಡುಗ ಓಡಬಲ್ಲ, ಹಿಡಿಯಬಲ್ಲ, ಢಿಕ್ಕಿ ಹೊಡೆಯಬಲ್ಲ, ಆಳಲಾರ ಎಂಬುದು ಅಲ್ಲಿನ ಬರೆಯದ ನಿಯಮ. ಮೀಸಲಾತಿ ಎಂದಾಕ್ಷಣ ಮುಖ ಸಿಂಡರಿಸುವ ನಮ್ಮ ಕೆಲವು ಮಿತ್ರರು ಈ ಮೀಸಲಾತಿಯನ್ನೂ ಸ್ವಲ್ಪ ಅಭ್ಯಾಸ ಮಾಡಬೇಕು.

ಈ ನಿಯಮ ಹೇಗೆ ಕೆಲಸ ಮಾಡುತ್ತಿತ್ತೆಂದು ನೋಡೋಣ. ಟೆನೆಸೀ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಎಲ್ಡ್ರಿಜ್ ಡಿಕಿಯನ್ನು 1968ರಲ್ಲಿ ಓಕ್ಲೆಂಡ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಆರಿಸಿಕೊಂಡು ಚೆಂಡು ಹಿಡಿಯುವ ಕೆಲಸಕ್ಕೆ ಹಾಕಿತು. ಅದೇ ವರ್ಷ ಮಾರ್ಲಿನ್ ಬ್ರಿಸ್ಕೋ ಡೆನ್ವರ್ ತಂಡದಲ್ಲಿ ಅನಿವಾರ್ಯವಾಗಿ ಕ್ವಾರ್ಟರ್‌ಬ್ಯಾಕ್ ಆಗಿ ಚೆನ್ನಾಗಿಯೇ ಆಡಿದರು. ಮರುವರ್ಷ ಅವರಿಗೆ ಅಲ್ಲಿ ಜಾಗವಿರಲಿಲ್ಲ, ಬಫಲೋ ತಂಡಕ್ಕೆ ಹೋಗಿ ಅವರೂ ಚೆಂಡು ಹಿಡಿಯುವವರಾದರು. ವಾರನ್ ಮೂನ್‌ರದು ಇನ್ನೂ ವಿಚಿತ್ರ. 1978ರ ಜನವರಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ರೋಸ್ ಬೌಲ್ ಗೆದ್ದುಕೊಟ್ಟು ಪಂದ್ಯಶ್ರೇಷ್ಠರಾದ ಅವರನ್ನು ಆ ವರ್ಷದ ಹನ್ನೆರಡು ಸುತ್ತುಗಳ ಆಯ್ಕೆಯಲ್ಲಿ ಒಂದೇ ಒಂದು ತಂಡ ಕರೆಯಲಿಲ್ಲ. ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದೊಡನೆ ಸತತ ಐದು ಗ್ರೇ ಕಪ್‌ಗಳಲ್ಲಿ ಪಾಲುದಾರರಾದ ಮೇಲೆ, 1984ರಲ್ಲಿ, ಸ್ವದೇಶಕ್ಕೆ ಅವರ ನೆನಪಾಯಿತು. ಪ್ರತಿಭೆಯನ್ನು ಯಾರೂ ತಡೆಯಲಾರರಂತೆ! ಆರು ವರ್ಷ ತಡೆದರು.

ಡಗ್ ವಿಲಿಯಮ್ಸ್ ಇದೇ 1978ರ ಆಯ್ಕೆಯಲ್ಲಿದ್ದವರು. ಅವರನ್ನು ತಯಾರು ಮಾಡಿದ್ದು ಉತ್ತರ ಲೂಯಿಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಪುಟ್ಟ ಊರಿನ ಕಾಲೇಜು. ಬುಕರ್ ಟಿ. ವಾಷಿಂಗ್ಟನ್ನರ ಟಸ್ಕೀಗಿಯಿಂದ ಬಂದ ಚಾರ್ಲ್ಸ್ ಆಡಮ್ಸ್ ಎಂಬವರು 1901ರಲ್ಲಿ ಕಪ್ಪು ರೈತರ ಮಕ್ಕಳಿಗಾಗಿ ಕಟ್ಟಿದ ಶಾಲೆ ಅದು. 1941ರಲ್ಲಿ ಅಲ್ಲಿಗೆ ಫುಟ್‌ಬಾಲ್ ತರಬೇತುದಾರರಾಗಿ ಎಡ್ಡಿ ರಾಬಿನ್ಸನ್ ಎಂಬ ಇಪ್ಪತ್ತೆರಡರ ಯುವಕ ಬಂದರು. ಗೇಣಿಗೆ ಹೊಲ ಮಾಡುತ್ತಿದ್ದವರ ಮಗ. ಲೀಲೆಂಡ್ ಎಂಬ ಸಣ್ಣ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಕೆಲಸ ಸಿಗದೆ ಪಶುಆಹಾರದ ಗಿರಣಿಯಲ್ಲಿ ದುಡಿಯುತ್ತಿದ್ದವರು. ಅವರನ್ನು ನೇಮಿಸಿಕೊಂಡ ಅಧ್ಯಕ್ಷರ ಹೆಸರು ರಾಲ್ಫ್ ವಾಲ್ಡೋ ಎಮರ್ಸನ್ ಜೋನ್ಸ್. (ಇಂಗ್ಲಿಷ್ ಎಂ.ಎ. ಮಾಡಿದವರ ಹಳೆಯ ದೌರ್ಬಲ್ಯ ಇಲ್ಲಿ ಇಣುಕಿದರೆ ಓದುಗರು ಕ್ಷಮಿಸಬೇಕು: ಕಾದಂಬರಿಕಾರ ರಾಲ್ಫ್ ಎಲಿಸನ್ನರಿಗೂ ತಂದೆ ಇಟ್ಟದ್ದು ಇದೇ ಎಮರ್ಸನ್ನನ ಹೆಸರು. ಮತದಾನದ ಹಕ್ಕೂ ಕೈಗೆಟುಕದಿದ್ದ ಜನ ಮಕ್ಕಳಿಗೆ ಸ್ವಾವಲಂಬನೆಯ ಪ್ರವಾದಿಯ ಹೆಸರಿಡುತ್ತಿದ್ದರು.)

ರಾಬಿನ್ಸನ್ ಅಲ್ಲಿ ಏನೇನು ಮಾಡಿದರೆಂದು ಕೇಳುವುದಕ್ಕಿಂತ ಏನು ಮಾಡಲಿಲ್ಲವೆಂದು ಕೇಳುವುದು ಸುಲಭ. ಮೈದಾನದ ಹುಲ್ಲನ್ನು ತಾವೇ ಕತ್ತರಿಸಿದರು, ಗೆರೆಗಳನ್ನು ತಾವೇ ಎಳೆದರು, ಪಂದ್ಯದ ವರದಿಯನ್ನು ಪತ್ರಿಕೆಗಳಿಗೆ ತಾವೇ ಬರೆದು ಕಳಿಸಿದರು. ದಕ್ಷಿಣದ ಹೋಟೆಲುಗಳು ಕಪ್ಪು ಹುಡುಗರಿಗೆ ಊಟ ಬಡಿಸುತ್ತಿರಲಿಲ್ಲವಾದ್ದರಿಂದ ಪ್ರಯಾಣಕ್ಕೆ ಮುಂಚೆ ಅವರೆಲ್ಲರಿಗೂ ಬುತ್ತಿ ಕಟ್ಟಿದರು. 1942ರಲ್ಲಿ ಅವರ ತಂಡ ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದಿತು. ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. 1997ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕದಲ್ಲಿ 408 ಗೆಲುವುಗಳಿದ್ದವು. ಅವರ ಕೈಕೆಳಗೆ ಆಡಿದ ಇನ್ನೂರಕ್ಕೂ ಹೆಚ್ಚು ಹುಡುಗರು ವೃತ್ತಿಪರ ಆಟಕ್ಕೆ ಹೋದರು. ಅವರಲ್ಲೊಬ್ಬ ಜೇಮ್ಸ್ ಹ್ಯಾರಿಸ್. ಏನಾದರೂ ಕ್ವಾರ್ಟರ್‌ಬ್ಯಾಕ್ ಜಾಗ ಬಿಡಬೇಡ ಎಂದು ಗುರುಗಳು ಹೇಳಿ ಕಳಿಸಿದ ಹ್ಯಾರಿಸ್, 1969ರಲ್ಲಿ ಬಫಲೋ ತಂಡದ ಋತುವಿನ ಮೊದಲ ಪಂದ್ಯವನ್ನೇ ಆ ಜಾಗದಲ್ಲಿ ನಿಂತು ಆರಂಭಿಸಿದರು. ಇಂಥ ಗುರುವಿಗೆ ವೃತ್ತಿಪರ ತಂಡದ ಮುಖ್ಯ ತರಬೇತುದಾರನ ಹುದ್ದೆ ಕೊನೆಯವರೆಗೂ ದಕ್ಕಲಿಲ್ಲ. ಆಧುನಿಕ ಕಾಲದಲ್ಲಿ ಆ ಹುದ್ದೆಗೆ ಮೊದಲ ಕಪ್ಪುವರ್ಣೀಯನನ್ನು ನೇಮಿಸಿದ್ದೇ 1989ರಲ್ಲಿ. ಅಷ್ಟರಲ್ಲಿ ರಾಬಿನ್ಸನ್ನರಿಗೆ ಎಪ್ಪತ್ತಾಗಿತ್ತು.

ವಿಲಿಯಮ್ಸ್ ಹುಟ್ಟಿದ್ದು 1955ರಲ್ಲಿ, ರಾಜಧಾನಿ ಬ್ಯಾಟನ್ ರೂಜ್‌ನ ಪಕ್ಕದ ಝ್ಯಾಕರಿಯಲ್ಲಿ. ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಲೂಯಿಸಿಯಾನಾ ಸ್ಟೇಟ್ ಅಲ್ಲೇ ಕೂಗಳತೆಯಲ್ಲಿತ್ತು. ಅದರ ಫುಟ್‌ಬಾಲ್ ತಂಡ ಕಪ್ಪು ಹುಡುಗರನ್ನು ಸೇರಿಸಿಕೊಳ್ಳತೊಡಗಿದ್ದು 1970ರ ದಶಕದ ಆರಂಭದಲ್ಲಿ. ವಿಲಿಯಮ್ಸ್ ಗ್ರ್ಯಾಂಬ್ಲಿಂಗ್‌ಗೆ ಹೋದರು. 1977ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತಗಣನೆಯಲ್ಲಿ ನಾಲ್ಕನೆಯವರಾದರು. ಅವರನ್ನು ಕಣ್ಣಾರೆ ಪರೀಕ್ಷಿಸಲು ಟ್ಯಾಂಪಾ ಬೇ ತಂಡದ ಸಹಾಯಕ ತರಬೇತುದಾರ ಜೋ ಗಿಬ್ಸ್ ಗ್ರ್ಯಾಂಬ್ಲಿಂಗ್‌ವರೆಗೆ ಬಂದರು. ಬಂದು ನೋಡಿ ಒಳ್ಳೆಯ ವರದಿ ಬರೆದರು. ಟ್ಯಾಂಪಾ ಅವರನ್ನು 17ನೆಯವನಾಗಿ ಆರಿಸಿಕೊಂಡಿತು. ಮೂನ್‌ರಿಗೂ ವಿಲಿಯಮ್ಸ್‌ರಿಗೂ ಆ ವರ್ಷ ಇದ್ದ ಅಂತರದಲ್ಲಿ ಗಿಬ್ಸ್ ಎಂಬ ಒಬ್ಬ ಮನುಷ್ಯನ ಪ್ರಯಾಣದ ಪಾಲು ದೊಡ್ಡದು.

ಟ್ಯಾಂಪಾ ಆಗ ಎಂಥ ತಂಡವಾಗಿತ್ತು? 1976ರಲ್ಲಿ ಹುಟ್ಟಿ, ಆಡಿದ ಮೊದಲ 26 ಪಂದ್ಯಗಳನ್ನೂ ಸೋತ ತಂಡ. ವಿಲಿಯಮ್ಸ್ ಬಂದ ಮರುವರ್ಷವೇ, 1979ರಲ್ಲಿ, ಅದು ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಕೆಳಗಿನವರೆಗೆ ಏರಿತು. ಐದು ವರ್ಷಗಳಲ್ಲಿ ಮೂರು ಬಾರಿ ನಿರ್ಣಾಯಕ ಸುತ್ತು ಕಂಡಿತು. ಇದಕ್ಕಾಗಿ ಅವರಿಗೆ ಸಿಗುತ್ತಿದ್ದುದು ವರ್ಷಕ್ಕೆ 1,20,000 ಡಾಲರ್. ನಮಗೆ ಅದು ದೊಡ್ಡ ಮೊತ್ತವಾಗಿ ಕಂಡೀತು. ಬೇರೆ ತಂಡಗಳಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದ ಎಷ್ಟೋ ಬದಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. 1982ರ ಋತು ಮುಗಿದ ಮೇಲೆ ಅವರು ಆರು ಲಕ್ಷ ಕೇಳಿದರು. ಮಾಲೀಕ ಹ್ಯೂ ಕಲ್ವರ್‌ಹೌಸ್ ನಾಲ್ಕು ಲಕ್ಷ ದಾಟಲೊಲ್ಲೆನೆಂದರು. ಅದೇ 1983ರಲ್ಲಿ ವಿಲಿಯಮ್ಸ್‌ರ ಪತ್ನಿ, ಮದುವೆಯಾಗಿ ವರ್ಷ ಕಳೆಯುವಷ್ಟರಲ್ಲಿ, ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಕೈಯಲ್ಲಿ ಕೆಲವು ತಿಂಗಳ ಹೆಣ್ಣುಕೂಸು. ಅವರು ಟ್ಯಾಂಪಾ ಬಿಟ್ಟರು. ಅವರು ಬಿಟ್ಟ ನಂತರದ 14 ಋತುಗಳಲ್ಲಿ ಒಂದರಲ್ಲೂ ಆ ತಂಡದ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ. ಎರಡು ಲಕ್ಷ ಡಾಲರ್ ಉಳಿಸಿದ್ದರ ಫಲ ಅದು ಎಂದು ನಾವು ಹೇಳಿದರೆ ಲೆಕ್ಕಪರಿಶೋಧಕರು ಆಕ್ಷೇಪಿಸಬಹುದು, ಆಕ್ಷೇಪಿಸಲಿ.

ಅವರು ಸೇರಿದ ಹೊಸ ಲೀಗ್ 1986ರಲ್ಲಿ ನೆಲಕಚ್ಚಿತು. ಹಳೆಯ ಲೀಗಿನ ಮೇಲೆ ಅದು ಹೂಡಿದ್ದ ದಾವೆಯನ್ನು ಗೆದ್ದು ಪಡೆದ ಪರಿಹಾರ ಒಂದು ಡಾಲರ್, ಕಾನೂನಿನ ಪ್ರಕಾರ ಮೂರು ಪಟ್ಟಾಗಿ ಮೂರು ಡಾಲರ್. ಆಗ ವಿಲಿಯಮ್ಸ್‌ರನ್ನು ಕರೆಸಿಕೊಂಡವರು ಮತ್ತೆ ಅದೇ ಗಿಬ್ಸ್, ಈಗ ವಾಷಿಂಗ್ಟನ್ ತಂಡದ ಮುಖ್ಯ ತರಬೇತುದಾರ. ಬದಲಿ ಆಟಗಾರನಾಗಿ ಸೇರಿದ ವಿಲಿಯಮ್ಸ್ ಎರಡನೆಯ ಋತುವಿನ ಕೊನೆಯಲ್ಲಿ ಮುಖ್ಯ ಜಾಗಕ್ಕೆ ಬಂದರು. ಮುಂದಿನದು ಪರದೆಯ ಮೇಲೆ ತೋರಿಸುವ ಭಾಗ. ಡೆನ್ವರ್ ಮೊದಲ ಕಾಲುಭಾಗದಲ್ಲಿ 10-0 ಮುಂದಿತ್ತು. ವಿಲಿಯಮ್ಸ್ ಮೊಣಕಾಲು ತಿರುಚಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂತರು. ಮರಳಿ ಬಂದು ಎರಡನೆಯ ಕಾಲುಭಾಗವೊಂದರಲ್ಲೇ ನಾಲ್ಕು ಟಚ್‌ಡೌನ್ ಎಸೆತ ಎಸೆದರು. ಆ ಹದಿನೈದು ನಿಮಿಷಗಳ ಆಟದಲ್ಲಿ ವಾಷಿಂಗ್ಟನ್ 35 ಅಂಕ ಗಳಿಸಿತು. ಕೊನೆಗೆ 42-10. ಪಂದ್ಯಶ್ರೇಷ್ಠ ವಿಲಿಯಮ್ಸ್.

ಆ ವಾರದ ಒಂದು ದಂತಕಥೆಯನ್ನು ಇಲ್ಲಿ ಪ್ರಸ್ತಾಪಿಸದೆ ವಿಧಿಯಿಲ್ಲ. ಪಂದ್ಯಕ್ಕೆ ಮುಂಚಿನ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ವರದಿಗಾರ, ನೀವು ಕಪ್ಪು ಕ್ವಾರ್ಟರ್‌ಬ್ಯಾಕ್ ಆಗಿ ಎಷ್ಟು ಕಾಲವಾಯಿತು ಎಂದು ಕೇಳಿದನೆಂಬುದು ಜಗಜ್ಜಾಹೀರಾದ ಕಥೆ. ವಾಸ್ತವವಾಗಿ ಆತ ಕೇಳಿದ್ದು ಬೇರೆ: ನೀವು ಮೊದಲಿನಿಂದಲೂ ಕಪ್ಪು ಕ್ವಾರ್ಟರ್‌ಬ್ಯಾಕ್ ಆಗಿಯೇ ಇದ್ದೀರಿ, ಅದು ಮುಖ್ಯವಾಗತೊಡಗಿದ್ದು ಯಾವಾಗಿನಿಂದ ಎಂಬ ಅರ್ಥದ ಪ್ರಶ್ನೆ. ಎಂಥ ಒಳ್ಳೆಯ ಪ್ರಶ್ನೆ! ಗ್ರ್ಯಾಂಬ್ಲಿಂಗ್‌ನಲ್ಲಿ ಅದು ಮುಖ್ಯವಾಗಿರಲಿಲ್ಲ, ಅಲ್ಲಿ ಆತ ಬರಿಯ ಕ್ವಾರ್ಟರ್‌ಬ್ಯಾಕ್. ಹೊರಗೆ ಬಂದಾಗ ಮುಖ್ಯವಾಯಿತು. ಈ ಪ್ರಶ್ನೆಯನ್ನು ಲೋಕ ಮರೆತು ಅದರ ಪೆದ್ದು ರೂಪವನ್ನು ನೆನಪಿಟ್ಟುಕೊಂಡಿತು. ಏಕೆಂದರೆ ವರ್ಣಭೇದವೆಂದರೆ ಯಾರೋ ಒಬ್ಬ ಪೆದ್ದನ ಪೆದ್ದುತನ ಎಂದು ನಕ್ಕುಬಿಟ್ಟರೆ ಕಲ್ವರ್‌ಹೌಸ್‌ರ ಲೆಕ್ಕದ ಪುಸ್ತಕವನ್ನು ಯಾರೂ ತೆರೆಯಬೇಕಾಗಿಲ್ಲ.

ದೀಪ ಹತ್ತಿದ ಮೇಲಿನ ಕಥೆ ಹೀಗಿದೆ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ, ಸೂಪರ್ ಬೌಲ್ ಗೆದ್ದು ಎರಡೇ ಋತು ಕಳೆಯುವಷ್ಟರಲ್ಲಿ ವಾಷಿಂಗ್ಟನ್ ಅವರನ್ನು ಕೈಬಿಟ್ಟಿತು. ಮತ್ತೆಂದೂ ಅವರು ವೃತ್ತಿಪರ ಆಟ ಆಡಲಿಲ್ಲ. ಆ ಪದಕ ಹೊತ್ತ ಮನುಷ್ಯ ತರಬೇತುದಾರನ ಜೀವನವನ್ನು ತನ್ನೂರ ಕಡೆಯ ಪ್ರೌಢಶಾಲೆಯೊಂದರಿಂದ ಕಟ್ಟಿಕೊಂಡರು. ಸ್ಕಾಟ್ಲೆಂಡಿನ ಒಂದು ತಂಡದಲ್ಲಿ ಸಹಾಯಕರಾದರು, 1997ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ ಮುಖ್ಯ ತರಬೇತುದಾರರಾದರು. ಮರುವರ್ಷ ರಾಬಿನ್ಸನ್ನರ ಉತ್ತರಾಧಿಕಾರಿಯಾಗಿ ಗ್ರ್ಯಾಂಬ್ಲಿಂಗ್‌ಗೆ ಬಂದರು. ಗುರುಗಳ ಕೊನೆಯ ವರ್ಷಗಳು ಸೋಲಿನವಾಗಿದ್ದವು. ಹಳೆಯ ವಿದ್ಯಾರ್ಥಿಗಳೇ ನಿವೃತ್ತಿಗೆ ಒತ್ತಾಯಿಸಿದ್ದರು. ಶಿಷ್ಯ ತಂಡವನ್ನು ಎತ್ತಿ ನಿಲ್ಲಿಸಿದರು: 2000, 2001, 2002, ಸತತ ಮೂರು ವರ್ಷ ಪ್ರಾದೇಶಿಕ ಪ್ರಶಸ್ತಿ. 2004ರಲ್ಲಿ ವೃತ್ತಿಪರ ತಂಡದ ಕಚೇರಿ ಕೆಲಸಕ್ಕೆ ಹೋದ ಅವರನ್ನು ಗ್ರ್ಯಾಂಬ್ಲಿಂಗ್ 2011ರಲ್ಲಿ ಮತ್ತೆ ಕರೆಯಿತು. ಬಂದ ವರ್ಷವೇ ಪ್ರಶಸ್ತಿ ಬಂತು. 2012ರಲ್ಲಿ ಹನ್ನೊಂದರಲ್ಲಿ ಒಂದೇ ಗೆಲುವು.

ಈ ನಡುವೆ ಕಾಲೇಜಿಗೆ ಏನಾಗಿತ್ತು? ವರ್ಣಭೇದದ ಗೋಡೆ ಬಿದ್ದದ್ದೇ ತಡ, ಹಿಂದೆ ಕಪ್ಪು ಹುಡುಗರಿಗೆ ಬಾಗಿಲು ಹಾಕಿದ್ದ ಶ್ರೀಮಂತ ವಿಶ್ವವಿದ್ಯಾಲಯಗಳು ಅವರಲ್ಲಿ ಅತ್ಯುತ್ತಮರನ್ನು ಆರಿಸಿ ಒಯ್ಯತೊಡಗಿದ್ದವು. ಹುಡುಗರು ಹೋಗಿದ್ದರಲ್ಲಿ ತಪ್ಪಿಲ್ಲ, ಹೋಗುವ ಹಕ್ಕಿಗಾಗಿಯೇ ಹೋರಾಟ ನಡೆದದ್ದು. ಆದರೆ ಬಾಗಿಲು ಹಾಕಿದ್ದ ಕಾಲಕ್ಕೆ ಆಸರೆಯಾಗಿದ್ದ ಕಾಲೇಜುಗಳಿಗೆ ಯಾರೂ ಋಣ ಸಂದಾಯ ಮಾಡಲಿಲ್ಲ. ಇದರ ಮೇಲೆ ಸರಕಾರದ ಕತ್ತರಿ ಬಿತ್ತು. ಕತ್ತರಿ ಹಿಡಿದವರ ಹೆಸರು ನಮಗೆ ಪರಿಚಿತ. 2007ರ ಅಕ್ಟೋಬರಿನಲ್ಲಿ ಬಾಬಿ ಜಿಂದಲ್ ಲೂಯಿಸಿಯಾನಾದ ಗವರ್ನರ್ ಆಗಿ ಆಯ್ಕೆಯಾದಾಗ ಅಮೆರಿಕದಲ್ಲಿ ಆ ಹುದ್ದೆಗೇರಿದ ಭಾರತೀಯ ಮೂಲದ ಮೊದಲಿಗನೆಂದು ನಮ್ಮ ಪತ್ರಿಕೆಗಳು ಕುಣಿದಾಡಿದ್ದನ್ನು ಓದುಗರು ಮರೆತಿರಲಾರರು. ಆ ಮೊದಲಿಗರು ಆದಾಯ ತೆರಿಗೆ ಇಳಿಸಿದರು. ಆರ್ಥಿಕ ಹಿಂಜರಿತ ಬಂದು ಬೊಕ್ಕಸ ಬರಿದಾದಾಗ ಉನ್ನತ ಶಿಕ್ಷಣದ ಅನುದಾನ ಕತ್ತರಿಸಿದರು. ಆ ವರ್ಷಗಳಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು ಕಡಿತ ಕಂಡ ರಾಜ್ಯಗಳ ಸಾಲಿನಲ್ಲಿ ಲೂಯಿಸಿಯಾನಾ ಇತ್ತು. ಗ್ರ್ಯಾಂಬ್ಲಿಂಗ್‌ಗೆ ರಾಜ್ಯದಿಂದ ಬರುತ್ತಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಕಡಿತ ಎಲ್ಲರಿಗೂ ಸಮಾನವಾಗಿತ್ತಲ್ಲ ಎನ್ನುವವರಿದ್ದಾರೆ. ಹೌದು, ದಪ್ಪಗಿರುವವನಿಗೂ ತೆಳ್ಳಗಿರುವವನಿಗೂ ಸಮಾನವಾಗಿ ಉಪವಾಸ ವಿಧಿಸಬಹುದು. ದೊಡ್ಡ ವಿಶ್ವವಿದ್ಯಾಲಯದ ಫುಟ್‌ಬಾಲ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತಿತ್ತು. 2013ರಲ್ಲಿ ಅದರ ತರಬೇತುದಾರನ ಸಂಬಳ ವರ್ಷಕ್ಕೆ ನಲವತ್ತು ಲಕ್ಷ ಡಾಲರ್ ಮೀರಿತ್ತು. ಗ್ರ್ಯಾಂಬ್ಲಿಂಗ್‌ನ ವ್ಯಾಯಾಮಶಾಲೆಯ ನೆಲ ಕಿತ್ತು ಬಂದಿತ್ತು.

ಆ ನೆಲದ ಕಥೆಯನ್ನು ಸರಕಾರಿ ನೌಕರರು ವಿಶೇಷವಾಗಿ ಗಮನಿಸಬೇಕು. ವಿಲಿಯಮ್ಸ್ ತಮ್ಮ ಗೆಳೆಯರಿಂದ ಹಣ ಎತ್ತಿ ಹೊಸ ನೆಲಹಾಸು ತರಿಸಿದರಂತೆ. ಸೂಕ್ತ ಮಾರ್ಗದ ಮೂಲಕ ಬಂದಿಲ್ಲವೆಂಬ ಕಾರಣಕ್ಕೆ ಆಡಳಿತ ಅದನ್ನು ಹಾಸಲು ಬಿಡದೆ ಸಾಮಗ್ರಿ ಹಾಗೆಯೇ ಬಿದ್ದಿತ್ತೆಂದು ಆಗ ವರದಿಯಾಯಿತು. ‘ಸೂಕ್ತ ಮಾರ್ಗದ ಮೂಲಕ’ ಎಂಬ ಪದಪುಂಜದ ಸಾಮರ್ಥ್ಯವನ್ನು ನಾವು ಬಲ್ಲೆವು. ಅದನ್ನು ಬರೆಯುವವರು ಸಾಮಾನ್ಯವಾಗಿ ದುಷ್ಟರಲ್ಲ, ಮೇಲಿನಿಂದ ಹಣ ಬಾರದ, ಕೆಳಗಿನವರಿಗೆ ಉತ್ತರ ಹೇಳಲಾರದ ಬಡ ಸಂಸ್ಥೆಯ ಕೊನೆಯ ಗೌರವ ಅದು. ಅಷ್ಟರಲ್ಲಿ, 2010ರಲ್ಲಿ, ಅದೇ ಊರಿನಲ್ಲಿ ಎಡ್ಡಿ ರಾಬಿನ್ಸನ್ನರ ಹೆಸರಿನ ವಸ್ತುಸಂಗ್ರಹಾಲಯ ತೆರೆದಿತ್ತು.

2013ರ ಋತುವಿನ ಮೊದಲ ಎರಡು ಪಂದ್ಯ ಸೋತ ಕೂಡಲೇ, ಸೆಪ್ಟೆಂಬರಿನಲ್ಲಿ, ವಿಲಿಯಮ್ಸ್‌ರನ್ನು ವಜಾ ಮಾಡಲಾಯಿತು. ಅವರ ಮಗ ಆ ತಂಡದಲ್ಲೇ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಆಟಗಾರರು ಕೆಲವು ವಾರ ಸಹಿಸಿದರು. ಅಕ್ಟೋಬರಿನಲ್ಲಿ ಆಡಳಿತದವರೊಡನೆ ನಡೆದ ಸಭೆಯಿಂದ ಎದ್ದುಬಂದರು, ಅಭ್ಯಾಸಕ್ಕೆ ಹೋಗಲಿಲ್ಲ, ಒಂದು ಪತ್ರ ಬರೆದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಷ್ಟು, ಸರಿಯಾಗಿ ಒಗೆಯದ ಸಮವಸ್ತ್ರದಿಂದ ಚರ್ಮದ ಸೋಂಕು, ಕಿತ್ತ ನೆಲ, ಕನ್ಸಾಸ್ ಸಿಟಿಗೂ ಇಂಡಿಯಾನಪೊಲಿಸ್‌ಗೂ ಹಲವು ನೂರು ಮೈಲಿ ಬಸ್ಸಿನಲ್ಲೇ ಪ್ರಯಾಣ: ಆ ಪತ್ರ ಓದಿದರೆ ವಿದ್ಯಾರ್ಥಿನಿಲಯಗಳ ಮನವಿಪತ್ರ ಓದಿದಂತೆಯೇ ಇದೆ. ಅಕ್ಟೋಬರ್ 18ರಂದು ಜಾಕ್ಸನ್ ಸ್ಟೇಟ್‌ಗೆ ಹೊರಡಬೇಕಿದ್ದ ಬಸ್ಸನ್ನು ಅವರು ಹತ್ತಲಿಲ್ಲ. ಮರುದಿನದ ಪಂದ್ಯ ಆಡದೆಯೇ ಸೋತಂತಾಯಿತು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹನ್ನೊಂದರಲ್ಲಿ ಹತ್ತು ಸೋತ ತರಬೇತುದಾರನನ್ನು ಯಾವ ಕಾಲೇಜು ಇಟ್ಟುಕೊಳ್ಳುತ್ತದೆ? ಹಳೆಯ ಕೀರ್ತಿಗೆ ಶಾಶ್ವತ ನೌಕರಿ ಕೊಡಬೇಕೇ? ಬೇಡ. ವಜಾ ಮಾಡಿದ್ದು ಅನ್ಯಾಯವೆಂದು ಸಾಧಿಸಲು ನಾವು ಹೊರಟಿಲ್ಲ. 1988ರಲ್ಲಿ ಅವರ ಗೆಲುವನ್ನು ಒಬ್ಬ ವ್ಯಕ್ತಿಯ ಛಲದ ಲೆಕ್ಕಕ್ಕೆ ಬರೆದವರು 2012ರ ಸೋಲನ್ನೂ ಅದೇ ವ್ಯಕ್ತಿಯ ಲೆಕ್ಕಕ್ಕೆ ಬರೆದರು. ಎರಡು ಸಲವೂ ಕಾಲೇಜು ಲೆಕ್ಕದ ಹೊರಗೇ ಉಳಿಯಿತು. ಬಸ್ಸು ಹತ್ತದ ಹುಡುಗರಿಗೆ ಮಾತ್ರ ಇದು ತಿಳಿದಿತ್ತು. ಅವರ ಪತ್ರದ ಬಹುಭಾಗ ನೆಲ, ನೀರು, ಬಟ್ಟೆ, ಬಸ್ಸುಗಳ ಬಗೆಗೇ ಇತ್ತು.

ಹೊರನಾಡಿನ ಕನ್ನಡಿಗರಾದ ನಾವು ಇದನ್ನು ದೂರದ ಸಂಗತಿಯೆಂದು ನೋಡಲಾರೆವು. ಮುಂಬಯಿಯಲ್ಲಿ ಹಗಲು ಹೋಟೆಲಿನ ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತು ಓದಿ ಮೇಲೆ ಬಂದವರಿಗೆ ನಮ್ಮ ಸಂಘಗಳು ಶಾಲು ಹೊದಿಸುತ್ತಲೇ ಬಂದಿವೆ. ಆ ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚಿದಾಗ ಎಷ್ಟು ಸಂಘಗಳು ಸಭೆ ಕರೆದವು?

ಹುಡುಗರು ಸೋಮವಾರ ಅಭ್ಯಾಸಕ್ಕೆ ಮರಳಿದರು. ವಿಲಿಯಮ್ಸ್ 2014ರಲ್ಲಿ ವಾಷಿಂಗ್ಟನ್ ತಂಡದ ಆಡಳಿತಕ್ಕೆ ಹೋದರು. ಜಾಕ್ಸನ್ ಸ್ಟೇಟ್ ಕೂಡ ಗ್ರ್ಯಾಂಬ್ಲಿಂಗ್‌ನಂಥದೇ ಕಪ್ಪುವರ್ಣೀಯರ ಕಾಲೇಜು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಸೇರುವ ಹಬ್ಬದ ದಿನವೇ ಪಂದ್ಯ ರದ್ದಾಗಿ ಅದಕ್ಕೂ ನಷ್ಟವಾಗಿತ್ತು, ಪರಿಹಾರಕ್ಕಾಗಿ ಕಾನೂನಿನ ಕ್ರಮ ಕೈಗೊಳ್ಳುವುದಾಗಿ ಅದು ಸಾರಿತು. ಪಂದ್ಯ ಆಡದ ತಪ್ಪಿಗೆ ಪ್ರಾದೇಶಿಕ ಒಕ್ಕೂಟ ಗ್ರ್ಯಾಂಬ್ಲಿಂಗ್‌ಗೆ 20,000 ಡಾಲರ್ ದಂಡ ವಿಧಿಸಿತು.